ಡಿಕ್ಕಿಗೆ ಬಿದ್ದ ಕತ್ತರಿ

ಶೋರೂಮಿಗೆ ಹೋದವರನ್ನು ಮೊದಲು ಕಾರಿನ ಮೂತಿಯ ಎದುರು ನಿಲ್ಲಿಸುತ್ತಾರೆ. ಗ್ರಿಲ್ ಫಳಫಳ ಹೊಳೆಯುತ್ತಿರುತ್ತದೆ. ನಾನು ಮಾತ್ರ ಪಕ್ಕಕ್ಕೆ ಸರಿದು, ಹತ್ತು ಹೆಜ್ಜೆ ದೂರ ಹೋಗಿ ನಿಲ್ಲುತ್ತೇನೆ. ಕಾರಿನ ಅಂದವೆಲ್ಲ ಇರುವುದು ಪಕ್ಕದ ಗೆರೆಯಲ್ಲಿ: ಬಾನೆಟ್ಟಿನಿಂದ ಎದ್ದು, ಛಾವಣಿಯ ಮೇಲೆ ಹರಿದು, ಹಿಂದೆ ಎಲ್ಲಿ ಹೇಗೆ ಇಳಿಯುತ್ತದೆ ಎಂಬುದರಲ್ಲಿ. ನಮ್ಮ ಚಿಕ್ಕ ಸೆಡಾನ್‌ಗಳಲ್ಲಿ ಈ ಗೆರೆ ಚೆನ್ನಾಗಿಯೇ ಹೊರಡುತ್ತದೆ. ಹಿಂದಿನ ಗಾಜು ದಾಟುವಷ್ಟರಲ್ಲಿ ಏನೋ ನೆನಪಾದಂತೆ ಗಕ್ಕನೆ ನಿಂತುಬಿಡುತ್ತದೆ.

ನೆನಪಾಗುವುದು ತೆರಿಗೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಎಕ್ಸೈಸ್ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣದು ಅಂದರೆ ಎಷ್ಟು ಸಣ್ಣದು? ಉದ್ದ ನಾಲ್ಕು ಮೀಟರ್ ಮೀರಬಾರದು. ಎಂಜಿನ್ ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲ್‌ನದಾದರೆ 1500 ಸಿಸಿ ದಾಟಬಾರದು. ಅಲ್ಲಿಂದ ಡಿಸೈನರುಗಳ ಮೇಜಿನ ಮೇಲೆ ಪೆನ್ಸಿಲ್‌ಗಿಂತ ಮೊದಲು ಟೇಪು ಬಂತು. 2008ರಲ್ಲಿ ಟಾಟಾದವರು ಇಂಡಿಗೋವಿನ ಬಾಲ ತುಂಡರಿಸಿ, 3988 ಮಿಲಿಮೀಟರಿನ ಸಿಎಸ್ ತಂದರು. ಅದೇ ವರ್ಷ ಬಂದ ಮಾರುತಿ ಡಿಸೈರ್ 4160 ಮಿ.ಮೀ. ಇತ್ತು. 2012ರಲ್ಲಿ ಅದೂ 3995ಕ್ಕೆ ಕುಗ್ಗಿತು. ಡಿಕ್ಕಿ 440 ಲೀಟರಿನಿಂದ 316ಕ್ಕೆ ಇಳಿಯಿತು.

ಇಲ್ಲೊಂದು ಸೂಕ್ಷ್ಮವಿದೆ. ಉದ್ದ ಅಷ್ಟು ಕಡಿಮೆಯಾದರೂ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2390ರಿಂದ 2430 ಮಿ.ಮೀ.ಗೆ ಹಿಗ್ಗಿತ್ತು. ಕೂರುವವರ ಮೊಣಕಾಲು ಮುಟ್ಟುವ ಹಾಗಿಲ್ಲ, ಎಂಜಿನ್ ಕೊಯ್ಯುವ ಹಾಗಿಲ್ಲ. ಹಿಂದಿನ ಗಾಲಿಯ ಆಚೆ ಉಳಿದ ಪಾಪದ ಡಿಕ್ಕಿಗೇ ಕತ್ತರಿ ಬೀಳಬೇಕು. ನಿಂತಲ್ಲೇ ಯಾರೋ ಹಿಂದಿನಿಂದ ಡಿಕ್ಕಿ ಹೊಡೆದಂತೆ ಆ ಕಾರು ಕಾಣುತ್ತಿದ್ದುದು ಅದಕ್ಕೇ.

ಜಾಹೀರಾತಿನವರಿಗೆ ಇದೆಲ್ಲ ಗೊತ್ತು. ಮುಂದಿನಿಂದ ಓರೆಯಾಗಿ ತೆಗೆದ ಚಿತ್ರಗಳೇ ಜಾಸ್ತಿ; ಬಾಲದ ಸುದ್ದಿ ಕಡಿಮೆ. 2017ರಲ್ಲಿ ಟಿಗೋರ್ ತಂದಾಗ ಟಾಟಾದವರು ಮಾತ್ರ ಬಾಲಕ್ಕೇ ‘ಸ್ಟೈಲ್‌ಬ್ಯಾಕ್’ ಎಂದು ನಾಮಕರಣ ಮಾಡಿದರು. ಹೆಸರು ಕೇಳಿ ನಕ್ಕಿದ್ದೆ. ಪಕ್ಕದಿಂದ ನೋಡಿದ ಮೇಲೆ ನಗು ನಿಂತಿತು. ಇಲ್ಲದ ಉದ್ದವನ್ನು ಇದೆ ಎನ್ನಲು ಹೋಗದೆ, ಛಾವಣಿಯನ್ನೇ ಇಳಿಜಾರಾಗಿಸಿ ಡಿಕ್ಕಿಯ ಅಂಚಿಗೆ ತಂದು ಸೇರಿಸಿದ್ದರು. ನಾಲ್ಕು ಮೀಟರಿನ ಒಳಗಿನ ಸೆಡಾನ್‌ಗಳಲ್ಲಿ ನನ್ನ ಅಂಕ ಅದಕ್ಕೇ. ಗೆಳೆಯರು ಒಪ್ಪುವುದಿಲ್ಲ, ಬಿಡಿ.

ಕತ್ತರಿಗೆ ಬಗ್ಗದವನೊಬ್ಬ ನಮ್ಮ ಬಿಡದಿಯಲ್ಲೇ ಹುಟ್ಟಿದ್ದ: ಟೊಯೋಟಾ ಇಟಿಯೋಸ್. 2010ರ ಕೊನೆಯಲ್ಲಿ ಬಂದಾಗ ಉದ್ದ 4265 ಮಿ.ಮೀ., ಡಿಕ್ಕಿ 595 ಲೀಟರ್. ನಾವು ರಸಿಕರು ಅದನ್ನು ಆಡಿಕೊಂಡದ್ದು ಅಷ್ಟಿಷ್ಟಲ್ಲ. ಮುಖದಲ್ಲಿ ಕಳೆಯಿಲ್ಲ, ಮೀಟರು ಡ್ಯಾಶ್‌ಬೋರ್ಡಿನ ನಡುವೆ ಗಡಿಯಾರದಂತೆ ಕೂತಿದೆ, ಒಳಗೆಲ್ಲ ಬರೀ ಪ್ಲಾಸ್ಟಿಕ್. ಟ್ಯಾಕ್ಸಿಯವರು ಮಾತ್ರ ಮುಗಿಬಿದ್ದು ಕೊಂಡರು. 2020ರಲ್ಲಿ ಅದು ನಿಂತುಹೋದ ಮೇಲೆ ನನಗೂ ಬುದ್ಧಿ ಬಂತು. ಪಕ್ಕದಿಂದ ನೋಡಿ: ಬಾನೆಟ್, ಕೋಣೆ, ಡಿಕ್ಕಿ, ಮೂರಕ್ಕೂ ಅವುಗಳ ಪಾಲಿನ ಜಾಗ ಸಿಕ್ಕಿದೆ.

ಕತ್ತರಿ ಇನ್ನೂ ಕೆಳಗಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ಆ ಅಳತೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ 18, ಮೀರಿದ್ದಕ್ಕೆ ಶೇ 40.

ಮೊನ್ನೆ ವಿಮಾನ ನಿಲ್ದಾಣದಿಂದ ಬರುವಾಗ ಸಿಕ್ಕಿದ್ದು ಹಳೆಯ ಇಟಿಯೋಸ್. ಮೂರು ದೊಡ್ಡ ಸೂಟ್‌ಕೇಸು, ಒಂದು ಹಲಸಿನಹಣ್ಣು ನುಂಗಿಯೂ ಡಿಕ್ಕಿಯಲ್ಲಿ ಜಾಗ ಉಳಿದಿತ್ತು. ‘ಮಾರ್ತೀರಾ?’ ಎಂದೆ. ಚಾಲಕ ಕನ್ನಡಿಯಲ್ಲೇ ನನ್ನ ಮುಖ ನೋಡಿ, ‘ಮಾರಿ ಏನ್ ತಗೊಳ್ಲಿ ಸಾರ್?’ ಎಂದ.