‘ಪಿಂಕ್ ಮೂನ್’ ಗೀತಸಂಪುಟದ ಪುನರ್ವಿಮರ್ಶೆ

ಪ್ರಕಟವಾದಾಗ ಅನಾದರಕ್ಕೆ ಪಾತ್ರವಾದ ಕೃತಿಯು ಕರ್ತೃವಿನ ಮರಣಾನಂತರ ಅತ್ಯಾದರಕ್ಕೆ ವಿಷಯವಾಗುವುದು ಕಲಾಚರಿತ್ರೆಯಲ್ಲಿ ಅಪೂರ್ವವೇನೂ ಅಲ್ಲ. ಅನಾದರದಿಂದ ಕೃತಿಗೆ ಒದಗುವ ಅನ್ಯಾಯವನ್ನು ಎಲ್ಲರೂ ಬಲ್ಲರು; ಆದರದಿಂದ ಒದಗುವ ಅನ್ಯಾಯವನ್ನು ಗಮನಿಸುವವರು ವಿರಳ. ಆಂಗ್ಲ ಗಾಯಕ ನಿಕ್ ಡ್ರೇಕನ ‘ಪಿಂಕ್ ಮೂನ್’ ಎಂಬ ಗೀತಸಂಪುಟವು ಈ ಎರಡನೆಯ ಬಗೆಗೆ ತಕ್ಕ ನಿದರ್ಶನವಾಗಿದೆ.

ಡ್ರೇಕನು 1948ರಲ್ಲಿ ರಂಗೂನಿನಲ್ಲಿ ಜನಿಸಿ ಇಂಗ್ಲೆಂಡಿನಲ್ಲಿ ಬೆಳೆದವನು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಆಂಗ್ಲ ಸಾಹಿತ್ಯದ ವ್ಯಾಸಂಗವನ್ನು ಕೈಕೊಂಡು, ಅದನ್ನು ಪೂರ್ಣಗೊಳಿಸದೆ ಸಂಗೀತಕ್ಕೆ ತಿರುಗಿದವನು. ‘ಫೈವ್ ಲೀವ್ಸ್ ಲೆಫ್ಟ್’ (1969), ‘ಬ್ರೈಟರ್ ಲೇಟರ್’ (1971), ‘ಪಿಂಕ್ ಮೂನ್’ (1972) ಎಂಬ ಮೂರು ಸಂಪುಟಗಳು ಆತನ ಜೀವಿತಕಾಲದಲ್ಲಿ ಹೊರಬಂದುವು. ಅಂದು ಅವುಗಳಲ್ಲಿ ಮಾರಾಟವಾದುವು ಕೆಲವೇ ಸಹಸ್ರ ಪ್ರತಿಗಳು. ದೀರ್ಘಕಾಲದ ಮನೋವ್ಯಾಧಿಯಿಂದ ಬಳಲುತ್ತಿದ್ದ ಆತನು 1974ರ ನವೆಂಬರಿನಲ್ಲಿ, 26ನೆಯ ವಯಸ್ಸಿನಲ್ಲಿ, ತೀರಿಕೊಂಡನು. 1979ರಲ್ಲಿ ಮೂರು ಸಂಪುಟಗಳೂ ಒಟ್ಟಾಗಿ ಪುನಃ ಪ್ರಕಟವಾದುವು. 1999ರಲ್ಲಿ ‘ಪಿಂಕ್ ಮೂನ್’ ಗೀತವು ಒಂದು ಮೋಟಾರುಗಾಡಿಯ ಜಾಹೀರಾತಿನಲ್ಲಿ ಕೇಳಿಬಂದ ಮೇಲೆ ಶ್ರೋತೃಗಳ ಸಂಖ್ಯೆಯು ಬಹುವಾಗಿ ಹೆಚ್ಚಿತು.

ಹೀಗೆ ಬೆಳೆದ ಕೀರ್ತಿಯೊಡನೆ ಒಂದು ಮತವೂ ರೂಢವಾಯಿತು: ಈ ಸಂಪುಟವು ಮರಣೋನ್ಮುಖನೊಬ್ಬನ ಆತ್ಮನಿವೇದನೆ, ಇದರ ಸರಳತೆಯು ಕುಗ್ಗಿದ ಚೇತನದ ಲಕ್ಷಣ, ಎಂದು. ಈ ಮತವನ್ನು ಕಾಲಾನುಕ್ರಮವೇ ಬಾಧಿಸುತ್ತದೆ. ಗೀತಗಳು ಮುದ್ರಿತವಾದುದು 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ, ಎಂದರೆ ಮರಣಕ್ಕೆ ಮೂರು ವರ್ಷಗಳ ಮೊದಲು. 1974ರಲ್ಲಿ ಆತನು ಮತ್ತೆ ಕೆಲವು ಗೀತಗಳನ್ನು ಹಾಡಿ ಮುದ್ರಿಸಿದ್ದುಂಟು. ಇದಕ್ಕಿಂತಲೂ ಮುಖ್ಯವಾದ ಆಕ್ಷೇಪವು ತಾತ್ವಿಕವಾದುದು. ಕ್ರೌಂಚವಧದ ಪ್ರಸಂಗವನ್ನು ವಿವರಿಸುತ್ತ, ಶ್ಲೋಕವಾಗಿ ಪರಿಣಮಿಸಿದ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಲಾಗದೆಂದು ಅಭಿನವಗುಪ್ತನು ಲೋಚನದಲ್ಲಿ ಎಚ್ಚರಿಸಿದ್ದಾನೆ. ಕವಿಯ ದುಃಖವೇ ಕಾವ್ಯದ ರಸವಾಗುವುದಾದರೆ ಅಳುವವರೆಲ್ಲರೂ ಕವಿಗಳಾಗಬೇಕಾಗಿತ್ತು. ರಸವನ್ನು ಅರಸಬೇಕಾದುದು ಕೃತಿಯಲ್ಲಿ; ಮರಣದ ವಿಚಾರಣಾಪತ್ರದಲ್ಲಲ್ಲ.

ಕೃತಿಯನ್ನೇ ಪರೀಕ್ಷಿಸಿದರೆ ಕಾಣುವುದೇನು? ಹಿಂದಿನ ಸಂಪುಟಗಳಲ್ಲಿದ್ದ ತಂತಿವಾದ್ಯಗಳ ಮೇಳವು ಇಲ್ಲಿಲ್ಲ. ಹನ್ನೊಂದು ಗೀತಗಳು, ಅರ್ಧ ಗಂಟೆಗೂ ಕಡಮೆಯಾದ ಅವಧಿ, ಒಂದು ಕಂಠ, ಒಂದು ಗಿಟಾರು. ಮೊದಲನೆಯ ಗೀತದಲ್ಲಿ ಮಾತ್ರ ಆತನೇ ನುಡಿಸಿದ ಪಿಯಾನೊವಿನ ಕೆಲವು ಸ್ವರಗಳು. ಗಿಟಾರಿನ ತಂತಿಗಳನ್ನು ವಾಡಿಕೆಯ ಶ್ರುತಿಕ್ರಮವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೂಡಿಸಿರುವುದರಿಂದ, ಕೆಳದನಿಯು ಎಡೆಬಿಡದೆ ಮೊಳಗುತ್ತಿರಲು ಅದರ ಮೇಲೆ ಎರಡು ಮೂರು ಎಳೆಗಳು ಬೇರೆಬೇರೆಯಾಗಿ ಸಾಗುತ್ತವೆ. ‘ರೋಡ್’ ಗೀತದ ಬೆರಳುಗಾರಿಕೆಯನ್ನು ಆಲಿಸಿದವರು ಇದನ್ನು ಶಕ್ತಿಹ್ರಾಸವೆನ್ನಲಾರರು. ‘ನೋ’ ಎಂಬುದರಲ್ಲಿ ಸಾಹಿತ್ಯವು ನಾಲ್ಕೇ ಪಂಕ್ತಿ. ಒಂದೇ ಸ್ವರಗುಚ್ಛವು ಆದ್ಯಂತವಾಗಿ ಮರಳಿ ಮರಳಿ ಬಂದು, ಮಾತು ಹೇಳದೆ ಬಿಟ್ಟುದನ್ನು ಧ್ವನಿಸುತ್ತದೆ.

ಗೀತಗಳ ಅನುಕ್ರಮವೂ ವಿಚಾರಾರ್ಹವಾದುದು. ‘ಪ್ಯಾರಸೈಟ್’ ಗೀತದಲ್ಲಿ ಆತ್ಮನಿಂದೆಯು ತೀವ್ರವಾಗಿದೆಯೆಂಬುದು ನಿಜ. ಆದರೆ ಸಂಪುಟವು ಮುಗಿಯುವುದು ಅಲ್ಲಲ್ಲ. ಬೆಳಗಿನ ವರ್ಣನೆಯಿಂದ ಕೂಡಿದ ‘ಫ್ರಮ್ ದಿ ಮಾರ್ನಿಂಗ್’ ಎಂಬ ಪ್ರಸನ್ನಗೀತದಲ್ಲಿ. ಆತನ ಸಮಾಧಿಶಿಲೆಯ ಮೇಲೆ ಕೊರೆದಿರುವ ಪಂಕ್ತಿಯೂ ಈ ಗೀತದ್ದೇ. ಆದಕಾರಣ ಇಲ್ಲಿ ವಿಷಾದವು ಬಂದುಹೋಗುವ ವ್ಯಭಿಚಾರಿಭಾವವೇ ಹೊರತು ಸ್ಥಾಯಿಯಲ್ಲ.

ಇಷ್ಟರಿಂದ ಸಂಪುಟವು ನಿರ್ದೋಷವೆಂದಾಗಲಿಲ್ಲ. ‘ಹಾರ್ವೆಸ್ಟ್ ಬ್ರೀಡ್’ ಎರಡು ನಿಮಿಷವೂ ಇಲ್ಲದೆ ಬೆಳೆಯುವ ಮೊದಲೇ ನಿಂತುಬಿಡುತ್ತದೆ. ಮಾತಿಲ್ಲದ ‘ಹಾರ್ನ್’ ರಚನೆಯು ಬರಿಯ ಸೂಚನೆಯಾಗಿ ಉಳಿಯುತ್ತದೆ. ನಿರಾಭರಣವಾದುದೇ ಸತ್ಯವೆಂಬ ವಾದವೂ ನಿಲ್ಲುವುದಿಲ್ಲ. ಮೊದಲ ಸಂಪುಟದ ‘ರಿವರ್ ಮ್ಯಾನ್’, ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣಗಳನ್ನು ನೆನಪಿಗೆ ತರುವ ಪಂಚಗತಿಯಲ್ಲಿ, ತಂತಿವಾದ್ಯಗಳ ಹಿನ್ನೆಲೆಯೊಡನೆ ಸಾಗುತ್ತದೆ. ಅಲ್ಲಿಯ ಅಲಂಕಾರವು ಭಾವಕ್ಕೆ ಪೋಷಕವಾಗಿಯೇ ಇದೆ.

ಪುನರ್ವಿಮರ್ಶೆಯ ಕಾರ್ಯವು ಹಳೆಯ ನಿಂದೆಯ ಸ್ಥಾನದಲ್ಲಿ ಹೊಸ ಸ್ತುತಿಯನ್ನು ಸ್ಥಾಪಿಸುವುದಲ್ಲ. ಕರ್ತೃವಿನ ದುರ್ವಿಧಿಯನ್ನು ಒತ್ತಟ್ಟಿಗಿರಿಸಿ, ಕೃತಿಗೆ ಸಲ್ಲತಕ್ಕುದನ್ನು ಕೃತಿಗೆ ಸಲ್ಲಿಸುವುದು. ಡ್ರೇಕನಿಗೆ ಅನುಕಂಪವು ಧಾರಾಳವಾಗಿ ದೊರಕಿದೆ; ಆತನ ಕೌಶಲಕ್ಕೆ ಸಲ್ಲಬೇಕಾದ ಮನ್ನಣೆಯು ಇನ್ನೂ ಪೂರ್ಣವಾಗಿ ಸಂದಿಲ್ಲ.