ಕುಂಚ ಕೆಳಗಿಡುವ ಹೊತ್ತು

ಚಿತ್ರ ಬರೆಯುವುದನ್ನು ಕಲಿಸುವ ಗುರುಗಳು ಸಿಕ್ಕಾರು. ಬರೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಸುವವರು ಸಿಕ್ಕುವುದು ಕಷ್ಟ. ಕಾಡುಹಕ್ಕಿಗಳ ಚಿತ್ರದಲ್ಲಿ ಈ ಕಷ್ಟ ಇಮ್ಮಡಿ. ಮನುಷ್ಯನನ್ನು ಎದುರಿಗೆ ಕೂರಿಸಬಹುದು. ಹೂಜಿಯನ್ನು ಮೇಜಿನ ಮೇಲೆ ಇಡಬಹುದು. ಬೆಟ್ಟ ನಾಳೆಯೂ ಅಲ್ಲಿಯೇ ಇರುತ್ತದೆ. ಹಕ್ಕಿ ಮಾತ್ರ ಹಾರಿಹೋಗುತ್ತದೆ. ಅದು ಹೋದ ಮೇಲೆ ಚಿತ್ರಕಾರನ ಬಳಿ ಉಳಿಯುವುದು ಒಂದಿಷ್ಟು ನೆನಪು, ಒಂದು ಹಾಳೆ, ಮತ್ತು ಬೇಕಾದಷ್ಟು ಸಮಯ. ಚಿತ್ರ ಕೆಡುವುದು ಈ ಸಮಯದಲ್ಲಿ.

ಇದನ್ನು ನಾನು ಪರರ ಚಿತ್ರಗಳನ್ನು ನೋಡಿ ಹೇಳುತ್ತಿಲ್ಲ. ನಂದಿನಿ ಲೇಔಟಿನ ನಮ್ಮ ಮನೆಯ ತಾರಸಿಯಿಂದ ನೋಡಿದರೆ ಹದ್ದುಗಳಿಗೆ ಬರವಿಲ್ಲ. ವರ್ತುಲ ರಸ್ತೆಯ ಗದ್ದಲದ ಮೇಲೆ, ಕಂಠೀರವ ಸ್ಟುಡಿಯೋ ಕಡೆಯ ಮರಗಳ ಮೇಲೆ, ಅವು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ. ಆದರೆ ನನ್ನನ್ನು ಸೋಲಿಸಿದ್ದು ಹದ್ದಲ್ಲ, ಸ್ಯಾಂಕಿ ಕೆರೆಯ ದಂಡೆಯಲ್ಲಿ ಕಂಡ ಒಂದು ಕೊಳದ ಬಕ. ಈ ಹಕ್ಕಿಯ ಗುಣವನ್ನು ಕೆರೆಯ ಬಳಿ ಓಡಾಡಿದವರೆಲ್ಲ ಬಲ್ಲರು. ಕತ್ತನ್ನು ಭುಜದೊಳಗೆ ಎಳೆದುಕೊಂಡು ಕೂತಾಗ ಅದು ಕೆಸರಿನ ಮುದ್ದೆ. ಕಂದು ಗೆರೆಗಳ ಕತ್ತು, ಮಣ್ಣುಬಣ್ಣದ ಬೆನ್ನು. ಎದ್ದು ಹಾರಿತೆಂದರೆ ಎರಡೂ ರೆಕ್ಕೆ ಅಚ್ಚ ಬಿಳುಪು! ಕೂತ ಬಕವನ್ನು ಬರೆಯುವವನು ಆ ಅಡಗಿದ ಬಿಳುಪನ್ನು ಬಲ್ಲವನಾಗಿರಬೇಕು, ಆದರೆ ಅದನ್ನು ಹೇಳಿಬಿಡಬಾರದು.

ಅರ್ಧ ಗಂಟೆಯಲ್ಲಿ ನೀರುಬಣ್ಣದಲ್ಲಿ ಬರೆದೆ. ರೆಕ್ಕೆಯ ಅಂಚಿನಲ್ಲಿ ಕಾಗದದ ಬಿಳುಪನ್ನು ಒಂದು ಎಳೆಯಷ್ಟು ಹಾಗೆಯೇ ಬಿಟ್ಟಿದ್ದೆ. ಮನೆಗೆ ಬಂದ ಮೇಲೆ ಕತ್ತಿನ ಗೆರೆಗಳು ಸಾಲವೆನ್ನಿಸಿತು. ಮರುದಿನ ಪುಸ್ತಕ ತೆರೆದು ಗರಿಗಳ ಸಾಲನ್ನು ಸರಿಪಡಿಸಿದೆ. ಬೆನ್ನು ಗಾಢವಾಯಿತು, ಅದಕ್ಕೆ ಹೊಂದಲೆಂದು ನೀರನ್ನೂ ಗಾಢಗೊಳಿಸಿದೆ. ಆ ಬಿಳಿಯ ಎಳೆ ಮುಚ್ಚಿಹೋಯಿತು. ಅದನ್ನು ಮರಳಿ ತರಲು ಬಿಳಿಯ ಬಣ್ಣ ಹಚ್ಚಿದೆ. ಗೋಡೆಗೆ ಸುಣ್ಣ ಬಳಿದಂತಾಯಿತು. ಮೂರು ವಾರವಾದ ಮೇಲೆ ಮನೆಯವರು ನೋಡಿ, “ಮೊದಲ ದಿನದ್ದೇ ಚೆನ್ನಾಗಿತ್ತಲ್ಲ, ಇನ್ನೇನು ಹಾರಿಹೋಗುವ ಹಾಗಿತ್ತು. ಇದು ಎಲ್ಲಿಗೂ ಹೋಗುವುದಿಲ್ಲ ಬಿಡಿ” ಎಂದರು. ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬರೆಯಲಾರೆ.

ಈ ಪ್ರಶ್ನೆ ಹೊಸತಲ್ಲ. ನಮ್ಮ ಲಾಕ್ಷಣಿಕರು ಕಾವ್ಯದ ವಿಚಾರದಲ್ಲಿ ಇದನ್ನು ಸಾವಿರ ವರ್ಷಕ್ಕೂ ಹಿಂದೆ ಎತ್ತಿಕೊಂಡಿದ್ದರು. ಅವರು ಇಟ್ಟ ಹೆಸರು ‘ಪಾಕ’. ಸುಮಾರು 800ರ ಕಾಲದ ಕಾಶ್ಮೀರದ ವಾಮನನ ಗ್ರಂಥದಲ್ಲಿ ಬರುವ ವಿಚಾರ ಇದು: ಮನಸ್ಸು ತೂಗಾಡುತ್ತಿರುವವರೆಗೆ ಕವಿ ಪದವನ್ನು ಇಡುತ್ತಾನೆ, ತೆಗೆಯುತ್ತಾನೆ, ಇನ್ನು ಬದಲಾವಣೆಯನ್ನು ಸಹಿಸೆನೆಂದು ಪದವೇ ನಿಂತುಬಿಟ್ಟಾಗ ಪಾಕ ಸಿದ್ಧಿಸಿತು. ಪಾಕವೆಂಬ ಮಾತು ನಮಗೆ ಅಡಿಗೆಮನೆಯಿಂದಲೇ ಪರಿಚಿತ. ದೀಪಾವಳಿಯ ಕಜ್ಜಾಯಕ್ಕೆ ಬೆಲ್ಲದ ಪಾಕ ಹಿಡಿಯುವವರು ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಹರಡುತ್ತದೆ, ಮೀರಿದರೆ ಕಲ್ಲಾಗುತ್ತದೆ. ನಡುವೆ ಇರುವ ಹೊತ್ತು ಅರೆಗಳಿಗೆ.

ವಾಮನನ ಮಾತು ಮನಸ್ಸಿಗೆ ಒಪ್ಪುತ್ತದೆ. ಆದರೆ ಸುಮಾರು ನೂರು ವರ್ಷದ ಬಳಿಕ ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಇದಕ್ಕೆ ಒಂದು ಪ್ರತಿವಾದವನ್ನು ಕೊಡುತ್ತಾನೆ. ಅದು ಅವನ ಹೆಂಡತಿ ಅವಂತಿಸುಂದರಿಯದು. ಬದಲಿಸಲಾಗದಿರುವುದು ಪಾಕವಲ್ಲ, ಅಶಕ್ತಿ ಎಂಬುದು ಆಕೆಯ ವಾದ. ಮಹಾಕವಿಗಳು ಒಂದೇ ವಸ್ತುವನ್ನು ಹಲವು ಬಗೆಯಲ್ಲಿ ಹೇಳಬಲ್ಲರು, ಎಲ್ಲವೂ ಪಕ್ವವೇ. ಆದ್ದರಿಂದ ರಸಕ್ಕೆ ಉಚಿತವಾಗಿದೆಯೇ ಎಂಬುದಷ್ಟೇ ಅಳತೆ ಎಂದು ಆಕೆಯ ಅಭಿಪ್ರಾಯ. ನನ್ನ ಬಕದ ಗತಿಯನ್ನು ಕಂಡ ಮೇಲೆ ನಾನು ಅವಂತಿಸುಂದರಿಯ ಕಡೆಯವನಾಗಿದ್ದೇನೆ. ‘ಇದೊಂದೇ ಸರಿಯಾದ ರೂಪ’ ಎಂದು ಅದನ್ನು ಹುಡುಕುತ್ತ ಹೊರಟವನು ಎಂದಿಗೂ ನಿಲ್ಲಿಸಲಾರ; ನಾಳೆ ಇನ್ನೊಂದು ಚಿತ್ರವನ್ನು ಬರೆಯಬಲ್ಲೆನೆಂಬ ನಂಬಿಕೆಯುಳ್ಳವನು ಮಾತ್ರ ಇಂದಿನದನ್ನು ಕೆಳಗಿಟ್ಟಾನು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಹಾಗಾದರೆ ಅರೆಬರೆ ಬರೆದದ್ದೆಲ್ಲ ಒಳ್ಳೆಯ ಚಿತ್ರವೇ? ಬೇಗ ಮುಗಿಸಿದ್ದೇ ಜೀವಂತಿಕೆಯೇ? ಹಾಗೆಂದು ವಾದಿಸುವವರಿದ್ದಾರೆ. ಅವರು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿರುವ ಸೈಬೀರಿಯದ ಬಿಳಿ ಕ್ರೌಂಚದ ಚಿತ್ರವನ್ನು ನೆನೆಯಬೇಕು. ಬರೆದವನು ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್. ಮುಖದ ಬರಿಯ ಚರ್ಮದ ಸುಕ್ಕು, ಕಾಲಿನ ಪೊರೆ, ಯಾವುದನ್ನೂ ಆತ ಬಿಟ್ಟಿಲ್ಲ. ಪಾಶ್ಚಾತ್ಯ ವಿಜ್ಞಾನದಲ್ಲಿ ಪಲ್ಲಾಸ್ ಈ ಹಕ್ಕಿಯನ್ನು ವರ್ಣಿಸಿ ಹೆಸರಿಟ್ಟದ್ದು 1773ರಲ್ಲಿ. ಮನ್ಸೂರನ ಚಿತ್ರ ಅದಕ್ಕಿಂತ ಸುಮಾರು ಒಂದೂವರೆ ಶತಮಾನ ಹಿಂದಿನದು. 2002ರ ಬಳಿಕ ಭರತಪುರಕ್ಕೆ ಈ ಕ್ರೌಂಚಗಳು ಚಳಿಗಾಲ ಕಳೆಯಲು ಬರುವುದೂ ನಿಂತುಹೋಯಿತು. ಅಷ್ಟು ತಿದ್ದಿ ತೀಡಿದ ಚಿತ್ರ ಇಂದಿಗೂ ಉಸಿರಾಡುತ್ತಿದೆ. ಗೆರೆಗಳ ಸಂಖ್ಯೆಯೇ ಚಿತ್ರವನ್ನು ಕೊಲ್ಲುವುದಾದರೆ ಇದು ಎಂದೋ ಸತ್ತಿರಬೇಕಾಗಿತ್ತು.

ನಮ್ಮ ಕೆ. ವೆಂಕಟಪ್ಪನವರ (1886–1965) ವಿಷಯವೂ ಹೀಗೆಯೇ. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ಆ ಪಂಥದಲ್ಲಿ ಬಣ್ಣ ಹಚ್ಚಿದ ಹಾಳೆಯನ್ನು ನೀರಿನಲ್ಲಿ ತೋಯಿಸಿ, ಒಣಗಿಸಿ, ಮತ್ತೆ ಹಚ್ಚುವುದೇ ಕ್ರಮ. ಅಲ್ಲಿ ಮರಳಿ ಮರಳಿ ಕೈಯಾಡಿಸುವುದು ಅಳುಕಲ್ಲ, ವಿಧಾನ. ವೆಂಕಟಪ್ಪನವರ ಉದಕಮಂಡಲದ ಚಿತ್ರಗಳ ತಾಳ್ಮೆಯನ್ನು ಕಂಡವರು ಪರಿಶ್ರಮವನ್ನು ಹಳಿಯಲಾರರು.

ಹಾಗಾದರೆ ಭೇದವೆಲ್ಲಿದೆ? ಮನ್ಸೂರನ ಒಂದೊಂದು ಸುಕ್ಕೂ ಕಂಡ ಸುಕ್ಕು. ನನ್ನ ಮೂರು ವಾರದ ಗರಿಗಳಲ್ಲಿ ಒಂದೂ ಕಂಡದ್ದಲ್ಲ. ಮೊದಲ ಅರ್ಧ ಗಂಟೆ ನಾನು ಬಕವನ್ನು ನೋಡಿ ಹಾಳೆಯನ್ನು ತಿದ್ದುತ್ತಿದ್ದೆ. ಆಮೇಲೆ ಹಾಳೆಯನ್ನು ನೋಡಿ ಹಾಳೆಯನ್ನೇ ತಿದ್ದುತ್ತಿದ್ದೆ. ಒಂದು ಬಣ್ಣಕ್ಕೆ ಇನ್ನೊಂದು ಬಣ್ಣ, ಒಂದು ತಪ್ಪಿಗೆ ಇನ್ನೊಂದು ತಪ್ಪು ಉತ್ತರ ಕೊಡುತ್ತ ಹೋಯಿತು. ಹಕ್ಕಿಯನ್ನು ನೋಡಿ ಮಾಡುವ ತಿದ್ದುಪಡಿ ಎಷ್ಟಾದರೂ ಅಭ್ಯಾಸವೇ; ಚಿತ್ರವನ್ನು ಮಾತ್ರ ನೋಡಿ ಮಾಡುವ ತಿದ್ದುಪಡಿ ಹೆಚ್ಚಾಗಿ ಅಂಜಿಕೆ. ಬಲ್ಲವರು ಏನೆಂದಾರೋ ಎಂಬ ಅಂಜಿಕೆ.

ನಮ್ಮ ಬಡಾವಣೆಗೆ ದೂರವಲ್ಲದ ರಾಜಾಜಿನಗರದಲ್ಲಿ ಬಾಳಿದ ರುಮಾಲೆ ಚನ್ನಬಸವಯ್ಯನವರು (1910–1988) ಹಕ್ಕಿಗಳಿಗಲ್ಲ, ಬೆಂಗಳೂರಿನ ಹೂಮರಗಳಿಗೆ ಹೆಸರಾದವರು. ಸ್ವಾತಂತ್ರ್ಯ ಹೋರಾಟದಿಂದ ಬಂದ ಈ ಕಲಾವಿದರು ಮರದ ಎದುರಿಗೇ ನಿಂತು ಬರೆದರು. ಹೂವಿನ ಕಾಲ ಅಲ್ಪವಾದದ್ದು. ಮರ ಹೂವನ್ನು ಉದುರಿಸಿದಾಗ ಎದುರಿನ ಸಾಕ್ಷಿಯೇ ಇಲ್ಲವಾಗುತ್ತದೆ. ಅವರ ಚಿತ್ರಗಳಲ್ಲಿ ಬಣ್ಣದ ಚುಕ್ಕೆಗಳು ಒತ್ತೊತ್ತಾಗಿದ್ದರೂ ಉಸಿರು ಕಟ್ಟುವುದಿಲ್ಲ. ಪ್ರಕೃತಿ ವಿಧಿಸಿದ ಗಡುವನ್ನು ಕಲಾವಿದ ಗೌರವದಿಂದ ಒಪ್ಪಿಕೊಂಡದ್ದೇ ಇದಕ್ಕೆ ಕಾರಣವೆಂದು ನನ್ನ ಎಣಿಕೆ. ಹಕ್ಕಿಯ ಗಡುವು ಇನ್ನೂ ಚಿಕ್ಕದು. ಅದು ಹಾರಿದಾಗ ನಾವು ಕಂಡದ್ದು ಮುಗಿಯಿತು. ನೆನಪು ಹಸಿಯಾಗಿರುವ ತನಕ ಒಂದೆರಡು ಗೆರೆ ಹಾಕಬಹುದು. ನೆನಪು ಆರಿದ ಮೇಲೆ ಹಾಕುವ ಗೆರೆ ಬೇರೆ ಯಾವುದೋ ಹಕ್ಕಿಯದು.

ಕಳೆದ ತಿಂಗಳು ಮತ್ತೆ ಕೆರೆಗೆ ಹೋಗಿ ಇನ್ನೊಂದು ಬಕವನ್ನು ಬರೆದೆ. ಅದು ಹಾರಿದೊಡನೆ ಕುಂಚವನ್ನು ತೊಳೆದು ಚೀಲದಲ್ಲಿಟ್ಟೆ. ರೆಕ್ಕೆಯಂಚಿನ ಬಿಳುಪು ಉಳಿದಿದೆ. ಎಡಗಾಲು ಸರಿಯಾಗಿಲ್ಲವೆಂದು ಬಲ್ಲ ಮಿತ್ರರೊಬ್ಬರು ತೋರಿಸಿಕೊಟ್ಟರು. ಅವರ ಮಾತು ನಿಜ. ಅದನ್ನು ಮುಂದಿನ ಬಕದಲ್ಲಿ ತಿದ್ದಿಕೊಳ್ಳುತ್ತೇನೆ.