ಮಾಲ್ಗುಡಿ ರೈಲಿಗೆ ಇದ್ದಲು ಹಾಕಿದವರು ಯಾರು?

ಹೋದ ದೀಪಾವಳಿಗೆ ಅಗಡಿಗೆ ಹೋಗಿದ್ದೆ. ಮೂರು ದಿನ ಲ್ಯಾಪ್‌ಟಾಪ್ ತೆಗೆಯೋದಿಲ್ಲ ಅಂತ ಶಪಥ ಮಾಡಿದ್ದೆ. ಎರಡನೇ ದಿನ ಸಂಜೆಗೇ ಬೇಜಾರು ಹತ್ತಿತು. ಫೋನನ್ನು ಟಿವಿಗೆ ಜೋಡಿಸಿ 'ಮಾಲ್ಗುಡಿ ಡೇಸ್' ಹಚ್ಚಿದೆ. ಶಂಕರ್‌ನಾಗ್ ಹೆಸರು ಬಂತು, ಆರ್.ಕೆ. ಲಕ್ಷ್ಮಣ್ ಚಿತ್ರಗಳು ಬಂದವು, ನನ್ನ ಎದೆ ಎಂದಿನಂತೆ ಮೆತ್ತಗಾಯಿತು. ಸ್ಟೇಷನ್ನು, ರೈಲು ಎಲ್ಲ ನೋಡಿದ ಅಜ್ಜಿ ಕೇಳಿದ್ದು ಒಂದೇ ಮಾತು: "ಇದ್ಲಿ ಹಾಕಾವ ಎಲ್ಲಿ ಅದಾನೋ ತಮ್ಮಾ?"

ಅಜ್ಜಿಯ ಅಣ್ಣ ಹುಬ್ಬಳ್ಳಿಯಲ್ಲಿ ಫೈರ್‌ಮನ್ ಆಗಿದ್ದರು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹರಿಹರ ಇವೆಲ್ಲ ಅವರಿಗೆ ಊರುಗಳಾಗಿರಲಿಲ್ಲ. ನೀರು ತುಂಬಿಸುವ, ಬೂದಿ ಕೆದರುವ, ಉಸಿರು ಬಿಡುವ ಜಾಗಗಳಾಗಿದ್ದವು. ಹಾಗಾಗಿ ಅಜ್ಜಿಯ ಪ್ರಶ್ನೆಯಲ್ಲಿ ವಿಮರ್ಶೆಯ ಉದ್ದೇಶ ಏನೂ ಇರಲಿಲ್ಲ. ಅಣ್ಣನನ್ನು ಹುಡುಕುತ್ತಿದ್ದಳು, ಅಷ್ಟೇ. ನನಗೆ ಮಾತ್ರ ಆಮೇಲೆ ಆ ಧಾರಾವಾಹಿಯನ್ನು ಮೊದಲಿನ ಹಾಗೆ ನೋಡೋಕೆ ಆಗಲಿಲ್ಲ.

ಮಾಲ್ಗುಡಿ ಅನ್ನೋ ಊರು ಹುಟ್ಟಿದ್ದೇ ರೈಲ್ವೆ ಸ್ಟೇಷನ್ನಿನಿಂದ. ಆರ್.ಕೆ. ನಾರಾಯಣರಿಗೆ ಮೊದಲು ಹೊಳೆದದ್ದು ಒಂದು ರೈಲು ಪುಟ್ಟ ನಿಲ್ದಾಣಕ್ಕೆ ಬಂದು ನಿಲ್ಲುವ ಚಿತ್ರವಂತೆ. 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್' ಮುಗಿಯೋದೂ ಪ್ಲಾಟ್‌ಫಾರ್ಮಿನಲ್ಲೇ. ರಾಜಮ್ ಊರು ಬಿಟ್ಟು ಹೊರಟಿದ್ದಾನೆ, ಸ್ವಾಮಿ ಕೈಯಲ್ಲೊಂದು ಪುಸ್ತಕ ಹಿಡಿದು ಓಡುತ್ತಾನೆ. ಎಷ್ಟು ಸಲ ಓದಿದರೂ ಗಂಟಲು ಕಟ್ಟುತ್ತೆ. ಅಲ್ಲಿ ಫೈರ್‌ಮನ್ ಯಾಕಿಲ್ಲ ಅಂತ ಕೇಳೋದು ಮೂರ್ಖತನ. ಅಳುತ್ತಿರುವ ಹುಡುಗನಿಗೆ ಎಂಜಿನ್ನಿನ ಒಳಗೆ ಯಾರಿದ್ದರೇನು?

ಆದರೆ 1958ರ 'ದಿ ಗೈಡ್'ಗೆ ಬನ್ನಿ. ಇಲ್ಲಿ ರಾಜುವಿನ ಬದುಕೇ ರೈಲಿನದು. ಅಪ್ಪನದು ಸ್ಟೇಷನ್ನಿನಲ್ಲಿ ಅಂಗಡಿ, ಮಗನ ಹೆಸರೇ ರೈಲ್ವೆ ರಾಜು. ಹಳಿ ಹಾಕಲು ಬಂದ ಕೂಲಿಗಳು ಈ ಕಾದಂಬರಿಯಲ್ಲಿದ್ದಾರೆ. ಅವರು ಏನು ಮಾಡುತ್ತಾರೆ? ಹುಡುಗ ಅವರಿಂದ ಒಂದು ಕೆಟ್ಟ ಬೈಗುಳ ಕಲಿಯುತ್ತಾನೆ, ಅಪ್ಪನಿಗೆ ಸಿಟ್ಟು ಬರುತ್ತೆ, ಮಗ ಜಗಲಿ ಶಾಲೆಗೆ ಸೇರುತ್ತಾನೆ. ನಾನಿದನ್ನು ಮೊದಲ ಸಲ ಓದಿದಾಗ ನಕ್ಕಿದ್ದೆ, ಈಗಲೂ ನಗು ಬರುತ್ತೆ. ಆದರೂ ಲೆಕ್ಕ ಹಾಕಿ ನೋಡಿ: ಊರಿಗೆ ರೈಲು ತಂದವರ ಕಾಣಿಕೆ ಒಂದು ಬೈಗುಳ!

ಇದನ್ನು ನಾರಾಯಣರ ತಪ್ಪು ಅಂತ ನಾನು ಹೇಳಲ್ಲ. ಅವರು ತಾವು ಕೂತ ಜಾಗವನ್ನು ಮುಚ್ಚಿಟ್ಟವರಲ್ಲ. ಅವರ ರೈಲು ಪ್ಲಾಟ್‌ಫಾರ್ಮಿನಿಂದ ಕಂಡ ರೈಲು, ಅದನ್ನು ಅವರು ಹಾಗೇ ಬರೆದರು. ನನ್ನ ತಕರಾರು ನಮ್ಮ ಮೇಲೆ. ನಾವು ಅವರ ಬೆಂಚಿನ ಮೇಲೆ ಕೂತು, ಕಾಣೋದೆಲ್ಲ ಇಷ್ಟೇ ಅಂದುಕೊಂಡೆವು. ಧಾರಾವಾಹಿ 1986ರ ಹೊತ್ತಿನದು. ಚಿತ್ತರಂಜನ್‌ನಲ್ಲಿ ಬ್ರಾಡ್‌ಗೇಜಿನ ಕೊನೆಯ ಉಗಿ ಎಂಜಿನ್ 'ಅಂತಿಮ್ ಸಿತಾರಾ' ತಯಾರಾಗಿದ್ದು 1970ರಲ್ಲಿ, ಮೀಟರ್‌ಗೇಜಿನ ಕೊನೆಯದು 1972ರಲ್ಲಿ. ಅಂದರೆ ಶಂಕರ್‌ನಾಗ್ ಅರಸಾಳು ಸ್ಟೇಷನ್ನನ್ನು ಮಾಲ್ಗುಡಿ ಮಾಡುವಾಗ ಡೀಸೆಲ್ ಆಗಲೇ ಜಾಗ ಹಿಡಿಯುತ್ತಿತ್ತು. ಸಲಿಕೆ ಹಿಡಿದ ಕೈಗಳು ಇನ್ನೂ ಕೆಲಸದಲ್ಲಿದ್ದವು, ಕ್ಯಾಬು ಹತ್ತಿ ಅವರನ್ನು ತೋರಿಸಬಹುದಿತ್ತು. ಧಾರಾವಾಹಿಯ ಬಗ್ಗೆ ನನಗಿರುವ ಪ್ರೀತಿಯನ್ನು ಇಟ್ಟುಕೊಂಡೇ ಹೇಳುತ್ತೇನೆ, ಆ ಅವಕಾಶ ತಪ್ಪಿತು.

ಕ್ಯಾಬಿನೊಳಗೆ ಏನು ನಡೀತಿತ್ತು ಅಂದರೆ: ಒಬ್ಬ ಡ್ರೈವರ್, ಇಬ್ಬರು ಫೈರ್‌ಮನ್ನರು. ಇದ್ದಲನ್ನು ಸುಮ್ಮನೆ ಸುರಿಯೋದಲ್ಲ. ಬಾಗಿಲು ತೆಗೆದ ಆ ಗಳಿಗೆಯಲ್ಲೇ ಮೂಲೆಗೆ ಇಷ್ಟು, ನಡುವೆ ಇಷ್ಟು ಅಂತ ತೆಳ್ಳಗೆ ಹರಡಬೇಕು. ನಾವು ಫೋಟೋದಲ್ಲಿ ಮೆಚ್ಚುವ ಕಪ್ಪು ಹೊಗೆ ಇದೆಯಲ್ಲ, ಅದು ಇದ್ದಲು ಪೂರ್ತಿ ಉರಿಯದೆ ಹಾಳಾಗುತ್ತಿರುವುದರ ಗುರುತು. ಡ್ರೈವರ್ ಬೈಯುವ ಹೊತ್ತು. ನಮ್ಮ ದೇಶದ ಇದ್ದಲಿನಲ್ಲಿ ಬೂದಿ ಜಾಸ್ತಿ. ಅದು ಕರಗಿ ಜಾಲರಿಗೆ ಗಟ್ಟಿಯಾಗಿ ಅಂಟಿಕೊಂಡರೆ ಗಾಳಿ ಆಡದೆ ಬೆಂಕಿ ಸಾಯುತ್ತೆ. ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಡೆದು ಎಳೆಯಬೇಕು, ಅದೂ ಬಂಡಿ ಅಲ್ಲಾಡುವಾಗ. ಇಷ್ಟರ ನಡುವೆ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟದ ಮೇಲೆ ಕಣ್ಣಿರಬೇಕು. ನೀರು ಕಡಿಮೆಯಾದರೆ ಬೆಂಕಿಗೂಡಿನ ನೆತ್ತಿಯಲ್ಲಿರುವ ಸೀಸದ ಬಿರಡೆ ಕರಗಿ ಹಬೆ ಒಳಗೆ ನುಗ್ಗುತ್ತೆ. ಮೀಟರ್‌ಗೇಜಿನ ವೈಪಿ ಎಂಜಿನ್ನಿನ ಬಾಯ್ಲರಿನಲ್ಲಿ ಒತ್ತಡ ಚದರ ಇಂಚಿಗೆ 210 ಪೌಂಡ್. ಏಪ್ರಿಲ್ ಬಿಸಿಲಿನಲ್ಲಿ ಮುಖದ ಮುಂದೆ ಬೆಂಕಿ, ಜನವರಿ ರಾತ್ರಿಯಲ್ಲಿ ಮುಖಕ್ಕೆ ಬೆಂಕಿ, ಬೆನ್ನಿಗೆ ಚಳಿಗಾಳಿ. "ಅಣ್ಣಾಗ ಹಿಂದ ಮುಂದ ಬ್ಯಾರೆ ಬ್ಯಾರೆ ಮೈ ಇದ್ದಂಗಿತ್ತು" ಅಂತಾಳೆ ಅಜ್ಜಿ.

ಹಾಗಾದರೆ ಡೀಸೆಲ್ ಬಂದದ್ದು ಒಳ್ಳೇದೇ ಆಯ್ತಲ್ಲ? ಮೈಗೆ ಹೌದು. ದುಡಿಮೆಯ ಹೊತ್ತಿಗೆ ಅಲ್ಲ. ಉಗಿಬಂಡಿ ನೀರಿಗೆ, ಇದ್ದಲಿಗೆ ಅಂತ ನಿಲ್ಲಲೇಬೇಕಿತ್ತು. ಡೀಸೆಲ್‌ಗೆ ಆ ಹಂಗಿಲ್ಲ, ಓಡ್ತಾನೇ ಇರುತ್ತೆ, ಅದರ ಜೊತೆ ಮನುಷ್ಯನೂ ಓಡ್ತಾನೇ ಇರಬೇಕು. ರೈಲ್ವೆಯ ಹಳೇ ನಿಯಮದಲ್ಲಿ ಬಂಡಿ ನಡೆಯುವಷ್ಟು ಹೊತ್ತೂ ಡ್ಯೂಟಿಯೇ. ಹತ್ತು ತಾಸಿಗೆ ಡ್ಯೂಟಿ ಮುಗೀಬೇಕು ಅಂತ ಎಂಜಿನ್ ನೌಕರರು 1973ರಲ್ಲಿ ಮುಷ್ಕರ ಹೂಡಿದರು. ಮರು ವರ್ಷ ಮೇ ತಿಂಗಳಲ್ಲಿ ದೇಶದ ರೈಲೇ ನಿಂತಿತು. ಇಪ್ಪತ್ತು ದಿನ. ಮುಂದೆ ನಿಂತಿದ್ದು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ವರ್ಕ್-ಲೈಫ್ ಬ್ಯಾಲೆನ್ಸ್ ಅಂತ ಲಿಂಕ್ಡ್‌ಇನ್‌ನಲ್ಲಿ ಬರೆಯುವ ನಾವು (ನಾನೂ ಬರೆದಿದ್ದೇನೆ) ನಮಗಿಂತ ಅರ್ಧ ಶತಮಾನ ಮುಂಚೆ ಅದನ್ನು ಕೇಳಿ ಜೈಲಿಗೆ ಹೋದವರ ಬಗ್ಗೆ ಓದಿಲ್ಲ. ಯಾಕಂದರೆ ನಮಗೆ ಉಗಿಬಂಡಿ ಅಂದರೆ ಬಾಲ್ಯ, ಶಿಳ್ಳೆ, ತೆಳು ಮಂಜು.

ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಮಹಾರಾಣಿಯವರ ಸಲೂನ್ ಅಲ್ಲಿದೆ. ಹುಬ್ಬಳ್ಳಿಯದು 2020ರಲ್ಲಿ ತೆರೆಯಿತು. ಅರಸಾಳುವಿನಲ್ಲೂ ಅದೇ ವರ್ಷ ಮಾಲ್ಗುಡಿ ಮ್ಯೂಸಿಯಂ ಆಯಿತು. ಉಳಿಸಿದವರಿಗೆ ಕೈ ಮುಗಿಯುತ್ತೇನೆ. ಗುಜರಿಗೆ ಹೋಗಬೇಕಿದ್ದವು ಉಳಿದಿವೆ. ಆದರೆ ಬಣ್ಣ ಬಳಿದು ನಿಲ್ಲಿಸಿದ ಎಂಜಿನ್ನಿನ ಗುಣವೇ ಬೇರೆ. ಬೆಂಕಿ ಇಲ್ಲ, ಆದ್ದರಿಂದ ಬೆಂಕಿ ಹಾಕುವವನೂ ಬೇಕಿಲ್ಲ.

ಮರುದಿನ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಒಂದು ಸ್ಟೇಷನ್ನಿನ ಮುಂದೆ ನಿಲ್ಲಿಸಿಟ್ಟ ಎಂಜಿನ್ ತೋರಿಸಲು ಹೋದೆ. ಹುಡುಗರು ಹತ್ತಿ ಸೆಲ್ಫಿ ತೆಗೆಯುತ್ತಿದ್ದರು. ಅಜ್ಜಿಗೆ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ನನ್ನನ್ನೇ ಕಳಿಸಿದಳು. "ಬೆಂಕಿ ಬಾಗ್ಲಾ ತಗದು ನೋಡು, ಎಷ್ಟ್ ದೊಡ್ಡದೈತಿ" ಅಂದಳು. ತೆಗೆಯಲು ನೋಡಿದೆ, ಅದನ್ನು ವೆಲ್ಡ್ ಮಾಡಿದ್ದರು. ಕೆಳಗಿಳಿದು ಬಂದು, ಕೈಯಿಂದ ಅಂದಾಜು ಅಳತೆ ತೋರಿಸಿದೆ. "ಅಷ್ಟ ಸಣ್ಣದಲ್ಲ ಬಿಡು" ಅಂದಳು.